ರೆಸ್ಪಾನ್ಸಿಬಿಲಿಟಿಗೆ ಪ್ರಾಸ ಯಾವುದು?

ಅಣ್ಣನ ಮಗಳು ಹತ್ತನೇ ತರಗತಿ. ಶಾಲೆಯ ಬೀಳ್ಕೊಡುಗೆ ಸಮಾರಂಭದಲ್ಲಿ ಓದುವುದಕ್ಕೆಂದು ಇಂಗ್ಲಿಷಿನಲ್ಲಿ ಒಂದು ಪದ್ಯ ಬರೆದು ಟೀಚರಿಗೆ ತೋರಿಸಿದ್ದಳು. ಹಾಳೆ ವಾಪಸು ಬಂದಾಗ ಎಂಟನೆಯ ಸಾಲಿನ ಕೊನೆಗೆ ಪೆನ್ಸಿಲ್ಲಿನ ಒಂದು ಸುತ್ತು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಏಳನೆಯ ಸಾಲು ‘ರೆಸ್ಪಾನ್ಸಿಬಿಲಿಟಿ’ ಎಂದು ಮುಗಿದಿತ್ತು, ಎಂಟನೆಯದು ‘ಅಂಟಿಲ್ ಇಟ್ಸ್ ಥ್ರೀ’ ಎಂದು. ಸುತ್ತಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಪಾಸಿಬಿಲಿಟಿ?’ ಎಂದು ಬರೆದಿತ್ತು.

“ಅತ್ತೆ, ಇದು ಪ್ರಾಸ ಅಲ್ವಾ?” ಎಂದು ಹಾಳೆಯನ್ನು ನನ್ನ ಮುಂದೆ ಹಿಡಿದಳು.

“ನಿನಗೇನು ಅನ್ನಿಸುತ್ತೆ?”

“ಬರೀವಾಗ ಪ್ರಾಸ ಅಂತಲೇ ಅನ್ನಿಸ್ತು. ಈಗ ನೋಡಿದ್ರೆ ಅಲ್ವೇನೋ ಅನ್ನಿಸ್ತಿದೆ.”

ಆ ಟೀಚರ ಬಗ್ಗೆ ನನಗೆ ಗೌರವವಿದೆ. ತರಗತಿಯಲ್ಲಿ ಅಷ್ಟೊಂದು ಮಕ್ಕಳಿರುವಾಗ ಒಬ್ಬಳ ಪದ್ಯದ ಒಂದೊಂದು ಸಾಲಿನ ಕೊನೆಯನ್ನೂ ಕಿವಿಗೊಟ್ಟು ಓದಿ ಗುರುತು ಹಾಕುವುದು ಸಣ್ಣ ಕೆಲಸವಲ್ಲ. ಅದನ್ನೂ ಕೆಂಪು ಶಾಯಿಯಲ್ಲಿ ತಪ್ಪು ಎಂದು ಹೊಡೆದು ಹಾಕದೆ, ಪೆನ್ಸಿಲ್ಲಿನಲ್ಲಿ ಪ್ರಶ್ನೆಯಾಗಿ ಕೇಳಿದ್ದಾರೆ. ನಾನೂ ಪ್ರಶ್ನೆಯಾಗಿಯೇ ಉತ್ತರ ಕೊಡಬೇಕು. ಅವರು ಸೂಚಿಸಿದ ‘ಪಾಸಿಬಿಲಿಟಿ’ ಪೂರ್ಣಪ್ರಾಸ ಹೌದೇ? ಮಗು ಬರೆದದ್ದು ಅದಕ್ಕಿಂತ ಕಡಿಮೆಯ ಪ್ರಾಸ ಹೇಗೆ?

ಇಂಗ್ಲಿಷಿನ ಪೂರ್ಣಪ್ರಾಸಕ್ಕೆ ಒಂದು ಖಚಿತವಾದ ನಿಯಮವಿದೆ. ಆ ಭಾಷೆಯ ಪ್ರತಿ ದೊಡ್ಡ ಪದದಲ್ಲೂ ದನಿ ಒಂದು ಕಡೆ ಜೋರಾಗಿ ಬೀಳುತ್ತದೆ. ‘ರೆಸ್ಪಾನ್ಸಿಬಿಲಿಟಿ’ಯಲ್ಲಿ ಅದು ಬೀಳುವುದು ‘ಬಿ’ ಮೇಲೆ. ಆ ಒತ್ತು ಬಿದ್ದ ಸ್ವರದಿಂದ ಹಿಡಿದು ಪದದ ಕೊನೆಯವರೆಗೆ ಎಲ್ಲ ದನಿಯೂ ಒಂದೇ ಆಗಿರಬೇಕು, ಅಂದರೆ ‘ಇಲಿಟಿ’ ಹೊಂದಬೇಕು. ನಿಯಮದ ಇನ್ನರ್ಧವನ್ನು ಬಹಳ ಜನ ಮರೆಯುತ್ತಾರೆ: ಒತ್ತಿನ ಸ್ವರದ ಹಿಂದಿರುವ ವ್ಯಂಜನ ಬೇರೆಯಾಗಿರಬೇಕು. ಅದೂ ಒಂದೇ ಆದರೆ ಪ್ರಾಸವಾಗುವುದಿಲ್ಲ, ಅದೇ ದನಿಯನ್ನು ಎರಡು ಸಲ ಹೇಳಿದಂತಾಗುತ್ತದೆ. ‘ರೆಸ್ಪಾನ್ಸಿಬಿಲಿಟಿ’ಯಲ್ಲೂ ‘ಬಿಲಿಟಿ’, ‘ಪಾಸಿಬಿಲಿಟಿ’ಯಲ್ಲೂ ‘ಬಿಲಿಟಿ’. ಕಟ್ಟುನಿಟ್ಟಾಗಿ ನೋಡಿದರೆ ಇದು ಪೂರ್ಣಪ್ರಾಸವಲ್ಲ. ‘ಎಬಿಲಿಟಿ’ಯೂ ಅಲ್ಲ, ‘ವಿಸಿಬಿಲಿಟಿ’ಯೂ ಅಲ್ಲ. ‘ಫೆಸಿಲಿಟಿ’, ‘ಹ್ಯುಮಿಲಿಟಿ’, ‘ಹಾಸ್ಟಿಲಿಟಿ’, ‘ಅಜಿಲಿಟಿ’ ಪಾಸಾಗುತ್ತವೆ. ಫ್ರೆಂಚ್ ಕವಿಗಳು ಹಿಂದಿನ ವ್ಯಂಜನವೂ ಕೂಡಿ ಬಂದರೆ ಅದನ್ನು ಶ್ರೀಮಂತ ಪ್ರಾಸ ಎಂದು ಮೆಚ್ಚುತ್ತಾರೆ. ಇಂಗ್ಲಿಷಿನಲ್ಲೇ ಚಾಸರ್ ಕವಿ ಒಂದೇ ದನಿಯ ಎರಡು ಪದಗಳನ್ನು ಜೋಡಿಯಾಗಿ ಇಡುತ್ತಿದ್ದ. ಈ ನಿಯಮಕ್ಕೂ ಒಂದು ಕಾಲ, ಒಂದು ಊರು ಇದೆ ಎಂದು ಇದರಿಂದ ತಿಳಿಯುತ್ತದೆ.

ಈಗ ಮಗುವಿನ ‘ಅಂಟಿಲ್ ಇಟ್ಸ್ ಥ್ರೀ’ಯನ್ನು ಬಾಯಿಬಿಟ್ಟು ಹೇಳಿ ನೋಡಿ. ಒತ್ತು ‘ಟಿಲ್’ ಮೇಲೆ. ಅಲ್ಲಿಂದ ಮುಂದಿನ ಸ್ವರಗಳು ಇ, ಇ, ಈ. ‘ಬಿಲಿಟಿ’ಯ ಸ್ವರಗಳೂ ಅವೇ. ಒತ್ತಿನ ಹಿಂದಿನ ವ್ಯಂಜನ ಒಂದರಲ್ಲಿ ಬಕಾರ, ಇನ್ನೊಂದರಲ್ಲಿ ಟಕಾರ. ‘ಪಾಸಿಬಿಲಿಟಿ’ ಮುರಿದ ನಿಯಮವನ್ನು ಇದು ಪಾಲಿಸಿದೆ. ನಡುವಿನ ಲಕಾರವೂ ಹೊಂದಿದೆ. ಹೊಂದದೆ ಉಳಿದದ್ದು ಒಂದು ಸಕಾರ, ಒಂದು ‘ಥ್ರ’, ಜೊತೆಗೆ ಕೊನೆಯ ‘ಥ್ರೀ’ ಮೇಲೆ ಬೀಳುವ ಸ್ವಲ್ಪ ಹೆಚ್ಚಿನ ಭಾರ. ಅಷ್ಟಕ್ಕೇ ಇದನ್ನು ಪೂರ್ಣಪ್ರಾಸ ಎನ್ನಲಾಗದು, ಹತ್ತಿರದ ಪ್ರಾಸ ಎನ್ನಬೇಕು. ಒಪ್ಪುತ್ತೇನೆ. ನಾನು ಒಪ್ಪದಿರುವುದು ‘ಹತ್ತಿರದ’ ಎಂಬ ಮಾತನ್ನು ‘ಕೈಲಾಗದ’ ಎಂಬ ಅರ್ಥದಲ್ಲಿ ಓದುವುದನ್ನು.

ಉದ್ದನೆಯ ಇಂಗ್ಲಿಷ್ ಪದಕ್ಕೆ ಪ್ರಾಸ ಸಿಗುವುದು ಕಷ್ಟ ಎಂದು ನಾವೆಲ್ಲ ನಂಬಿದ್ದೇವೆ. ನಿಜಕ್ಕೂ ಕಷ್ಟವಿರುವುದು ಗಿಡ್ಡ ಪದಗಳಲ್ಲಿ. ‘ಮಂತ್’ ಎಂಬ ಒಂದೇ ಉಸಿರಿನ ಪದಕ್ಕೆ ದಿನಬಳಕೆಯ ಇಂಗ್ಲಿಷಿನಲ್ಲಿ ಜೋಡಿಯಿಲ್ಲ. ‘ಆರೆಂಜ್’ಗೆ ವೇಲ್ಸಿನ ಬ್ಲಾರೆಂಜ್ ಎಂಬ ಗುಡ್ಡವನ್ನು ಹುಡುಕಿಕೊಂಡು ಹೋಗಬೇಕು. ‘ಸಿಲ್ವರ್’ಗೆ ಇರುವ ‘ಚಿಲ್ವರ್’ ಹೆಣ್ಣು ಕುರಿಮರಿಗೆ ಹೇಳುವ ಒಂದು ಹಳ್ಳಿಮಾತು. ಆದರೆ ‘ರೆಸ್ಪಾನ್ಸಿಬಿಲಿಟಿ’ಯಂಥ ಪದಕ್ಕೆ, ‘ಎಜುಕೇಷನ್’, ‘ಇನ್ಫರ್ಮೇಷನ್’ನಂಥ ಪದಕ್ಕೆ ಬೇಕಾದಷ್ಟು ಸಿಗುತ್ತವೆ. ಲ್ಯಾಟಿನ್ನಿನಿಂದ ಬಂದ ಈ ಪದಗಳಿಗೆಲ್ಲ ಒಂದೇ ಬಗೆಯ ಬಾಲ, ಒತ್ತು ಬೀಳುವುದೂ ಬಾಲದ ಹತ್ತಿರವೇ. ಹಾಗಾಗಿ ಬಾಲಕ್ಕೆ ಬಾಲ ಹೊಂದುತ್ತದೆ.

ಪ್ರಾಸದ ಪಟ್ಟಿ ಕೊಡುವ ಯಂತ್ರ ಹುಡುಕುವುದೂ ಇದೇ ಬಾಲವನ್ನು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ತಯಾರಿಸಿದ ಉಚ್ಚಾರಣೆಯ ಕೋಶವೊಂದಿದೆ. ಅದರಲ್ಲಿ 1,34,000ಕ್ಕೂ ಹೆಚ್ಚು ಪದಗಳನ್ನು ದನಿ ದನಿಯಾಗಿ ಬಿಡಿಸಿ, ಯಾವ ಸ್ವರಕ್ಕೆ ಎಷ್ಟು ಒತ್ತು ಎಂಬ ಅಂಕಿಯ ಸಮೇತ ಜೋಡಿಸಿಟ್ಟಿದ್ದಾರೆ. ಪದದ ಒತ್ತಿನ ಸ್ವರಕ್ಕಿಂತ ಮುಂಚಿನದನ್ನೆಲ್ಲ ಕತ್ತರಿಸಿ ಎಸೆದು, ಉಳಿದ ತುಂಡು ಯಾವ ಯಾವ ಪದದಲ್ಲಿ ಇದೆ ಎಂದು ನೋಡಿದರೆ ಪಟ್ಟಿ ಸಿದ್ಧ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸ. ಹೀಗೆ ಕತ್ತರಿಸಿ ಎಸೆದದ್ದು ಏನು ಎಂದು ಯಾರೂ ನೋಡುವುದಿಲ್ಲ. ‘ರೆಸ್ಪಾನ್ಸಿಬಿಲಿಟಿ’ಯಲ್ಲಿ ‘ಉತ್ತರ ಕೊಡುವುದು’ ಎಂಬ ಅರ್ಥ ಇರುವುದು ‘ರೆಸ್ಪಾನ್ಸ್’ನಲ್ಲಿ. ‘ಇಲಿಟಿ’ಯಲ್ಲಿ ಇರುವುದು ‘ತನ’ ಎಂಬಷ್ಟು ವ್ಯಾಕರಣ ಮಾತ್ರ. ಪದದ ಜೀವವನ್ನು ಆಚೆ ಬಿಟ್ಟು ಬಾಲಕ್ಕೆ ಜೊತೆ ಹುಡುಕಿದ ಹಾಗಾಯಿತು.

ಡಬ್ಲ್ಯು.ಕೆ. ವಿಮ್ಸಾಟ್ ಎಂಬ ವಿಮರ್ಶಕ 1944ರಲ್ಲಿ ಪ್ರಾಸಕ್ಕೂ ವಿವೇಚನೆಗೂ ಇರುವ ನಂಟಿನ ಬಗ್ಗೆ ಒಂದು ಪ್ರಬಂಧ ಬರೆದ. ದನಿ ಒಂದಾಗಿ ಅರ್ಥ ದೂರವಿದ್ದಾಗ ಪ್ರಾಸಕ್ಕೆ ಬೆಲೆ, ನಾಮಪದಕ್ಕೆ ಅದೇ ಜಾತಿಯ ನಾಮಪದ, ಬಾಲಕ್ಕೆ ಅದೇ ಬಾಲ ಬಂದರೆ ಅದು ಸಪ್ಪೆ ಎಂಬುದು ಅವನ ವಾದದ ತಿರುಳು. ಈ ಅಳತೆಯಲ್ಲಿ ‘ರೆಸ್ಪಾನ್ಸಿಬಿಲಿಟಿ–ಫೆಸಿಲಿಟಿ’ ಪೂರ್ಣವಾದರೂ ಬಡವಾದ ಪ್ರಾಸ. ‘ರೆಸ್ಪಾನ್ಸಿಬಿಲಿಟಿ–ಅಂಟಿಲ್ ಇಟ್ಸ್ ಥ್ರೀ’ಯಲ್ಲಿ ಒಂದು ಕಡೆ ಐದಾರು ಅಕ್ಷರದ ಗಂಭೀರವಾದ ಭಾವನಾಮ, ಇನ್ನೊಂದು ಕಡೆ ಗೋಡೆ ಗಡಿಯಾರದ ಮುಳ್ಳು. ಎರಡೂ ಬೇರೆ ಬೇರೆ ಮನೆಯಿಂದ ಬಂದು ಕೂಡಿದ್ದಾವೆ.

ಕನ್ನಡದವರಿಗೆ ಇದನ್ನು ವಿವರಿಸಬೇಕಾದ್ದೇ ಇಲ್ಲ. ನಮ್ಮ ಭಾಷೆಯಲ್ಲಿ ಸಾಲಿನ ಕೊನೆಗೆ ಕ್ರಿಯಾಪದ ಬರುತ್ತದೆ, ಕ್ರಿಯಾಪದದ ಕೊನೆಗೆ ಪ್ರತ್ಯಯ. ಬಂದನು, ಹೋದನು, ನಿಂತನು, ತಿಂದನು. ಮನೆಯಲ್ಲಿ, ಕೆರೆಯಲ್ಲಿ, ಬಯಲಲ್ಲಿ. ಸಾಲು ಎಲ್ಲಿ ಮುಗಿಸಿದರೂ ಒಂದು ಪ್ರಾಸ ಬಿಟ್ಟಿಯಾಗಿ ಸಿಗುತ್ತದೆ, ಆದ್ದರಿಂದ ಅದಕ್ಕೆ ಬೆಲೆಯಿಲ್ಲ. ಹಳಗನ್ನಡದ ಕವಿಗಳು ಪ್ರಾಸವನ್ನು ಸಾಲಿನ ಕೊನೆಗೆ ಇಡದೆ ಎರಡನೆಯ ಅಕ್ಷರಕ್ಕೆ ತಂದದ್ದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ಎರಡನೆಯ ಅಕ್ಷರ ಸಾಮಾನ್ಯವಾಗಿ ಪದದ ಬೇರಿನಲ್ಲಿ ಇರುತ್ತದೆ. ಅಲ್ಲಿ ಪ್ರಾಸ ಕೂಡಿಸಬೇಕಾದರೆ ಪ್ರತ್ಯಯ ಕೈಹಿಡಿಯುವುದಿಲ್ಲ, ಪದವನ್ನೇ ಹುಡುಕಬೇಕು.

ಆ ಪ್ರಾಸದ ನಿಯಮವನ್ನು ಸ್ವಲ್ಪ ನೋಡಿ. ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು, ಅದರ ಸ್ವರ ಏನಾದರೂ ಆಗಬಹುದು. ‘ಕಡಲು’, ‘ನುಡಿ’, ‘ಬಿಡು’ ಪ್ರಾಸವಾಗುತ್ತವೆ. ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ, ಅನುಸ್ವಾರವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ, ಎರಡನೆಯ ಅಕ್ಷರವೇ ಬೇರೆ ಬೇರೆ ವ್ಯಂಜನ ಕೂಡಿದ ಒತ್ತಕ್ಷರವಾದರೆ ಶರಭ, ಒಂದೇ ವ್ಯಂಜನ ಇಮ್ಮಡಿಸಿದ ದಡ್ಡಕ್ಕರವಾದರೆ ಹಯ. ಇಷ್ಟು ಶಿಸ್ತಿನ ವ್ಯವಸ್ಥೆ. ಇಂಗ್ಲಿಷಿನ ಪ್ರಾಸಕೋಶದ ಕಣ್ಣಿಗೆ ‘ಕಡಲು–ನುಡಿ’ ಪೂರ್ಣಪ್ರಾಸವಲ್ಲ, ಹತ್ತಿರದ್ದೂ ಅಲ್ಲದಿರಬಹುದು. 941ರಲ್ಲಿ ಆದಿಪುರಾಣ ಬರೆದ ಪಂಪನಿಂದ ಹಿಡಿದು ಭಾಮಿನಿ ಷಟ್ಪದಿಯ ಆರೂ ಸಾಲಿಗೆ ಪ್ರಾಸ ಇಟ್ಟ ಕುಮಾರವ್ಯಾಸನವರೆಗೆ ನಮ್ಮ ಕವಿಗಳು ಆ ಕಣ್ಣಿನಲ್ಲಿ ಪ್ರಾಸ ಬಾರದವರಾಗುತ್ತಾರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ವರ್ಗದ ಅಕ್ಷರಗಳು ಕೂಡುವ ವರ್ಗಪ್ರಾಸವನ್ನೂ ದನಿಯಲ್ಲಿ ಹತ್ತಿರವಿರುವ ಅಕ್ಷರಗಳು ಕೂಡುವ ಸಮೀಪಪ್ರಾಸವನ್ನೂ ಹೆಸರಿಟ್ಟು ಎಣಿಸುತ್ತದೆ. ಹತ್ತಿರದ ಪ್ರಾಸಕ್ಕೆ ನಮ್ಮಲ್ಲಿ ಹೆಸರಿಟ್ಟು ಕೂರಿಸಿದ ಜಾಗ ಇತ್ತು, ಅದು ಹಿಂಬಾಗಿಲಿನಿಂದ ಬಂದದ್ದಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಗೋವಿಂದ ಪೈಗಳು ಆದಿಪ್ರಾಸ ಬಿಟ್ಟರು, 1926ರಲ್ಲಿ ಬಿ.ಎಂ.ಶ್ರೀ. ಅವರ ಇಂಗ್ಲಿಷ್ ಗೀತಗಳು ಬಂದು ಸಾಲಿನ ಕೊನೆಯ ಪ್ರಾಸ ನಮಗೆ ಹೊಸದಾಗಿ ರುಚಿಸಿತು. ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಇಂಗ್ಲಿಷಿನ ಪ್ರಾಸವನ್ನು ತಂದುಕೊಂಡವರು ಅದರ ಸ್ವಂತ ಕವಿಗಳು ಅದನ್ನು ಹೇಗೆ ಬಳಸಿದರು ಎಂದೂ ನೋಡಬೇಕಲ್ಲವೇ?

ವಿಲ್ಫ್ರೆಡ್ ಓವನ್‌ನನ್ನೇ ತೆಗೆದುಕೊಳ್ಳಿ. ಮೊದಲ ಮಹಾಯುದ್ಧದ ಕಂದಕದಿಂದ ಬರೆದವನು, 1918ರ ನವೆಂಬರ್ 4ರಂದು, ಯುದ್ಧ ನಿಲ್ಲುವುದಕ್ಕೆ ಸರಿಯಾಗಿ ಒಂದು ವಾರ ಮುಂಚೆ, ತನ್ನ 25ನೆಯ ವಯಸ್ಸಿನಲ್ಲಿ ಗುಂಡೇಟಿಗೆ ಬಲಿಯಾದವನು. ‘ಸ್ಟ್ರೇಂಜ್ ಮೀಟಿಂಗ್’ ಎಂಬ ಪದ್ಯದಲ್ಲಿ ಅವನು ‘ಹಾಲ್’ಗೆ ‘ಹೆಲ್’ ಜೋಡಿಸುತ್ತಾನೆ, ‘ಗ್ರಾಯ್ನ್ಡ್’ಗೆ ‘ಗ್ರೋನ್ಡ್’. ವ್ಯಂಜನ ನಿಲ್ಲುತ್ತದೆ, ಸ್ವರ ಜಾರುತ್ತದೆ. ನಮ್ಮ ಆದಿಪ್ರಾಸಕ್ಕೆ ಎಷ್ಟು ಹತ್ತಿರದ ಸಂಬಂಧಿ! ಸತ್ತ ಇಬ್ಬರು ಸೈನಿಕರು ಪಾತಾಳದಲ್ಲಿ ಎದುರಾಗುವ ಪದ್ಯ ಅದು. ಅಲ್ಲಿ ಸಾಲುಗಳು ಪೂರ್ಣಪ್ರಾಸದಲ್ಲಿ ಟಕ್ಕೆಂದು ಮುಚ್ಚಿಕೊಂಡಿದ್ದರೆ ಓದುವವನಿಗೆ ಒಂದು ನೆಮ್ಮದಿ ಸಿಕ್ಕಿಬಿಡುತ್ತಿತ್ತು. ಆ ನೆಮ್ಮದಿಯನ್ನು ಕೊಡಲು ಓವನ್‌ಗೆ ಮನಸ್ಸಿರಲಿಲ್ಲ. ಪೂರ್ಣಪ್ರಾಸ ಅವನಿಗೆ ಬರುತ್ತಿರಲಿಲ್ಲ ಎಂದು ಅವನ ಬೇರೆ ಪದ್ಯಗಳನ್ನು ಓದಿದ ಯಾರೂ ಹೇಳಲಾರರು.

ಎಮಿಲಿ ಡಿಕಿನ್ಸನ್‌ಳ ಕಥೆ ಇನ್ನೂ ನೋವಿನದು. ಅವಳು ತೀರಿಕೊಂಡದ್ದು 1886ರಲ್ಲಿ. 1890ರಲ್ಲಿ ಅವಳ ಪದ್ಯಗಳ ಪುಸ್ತಕ ತಂದ ಸಂಪಾದಕರು ಅವಳನ್ನು ನಿಜವಾಗಿ ಮೆಚ್ಚಿದವರೇ, ಅವರಿಲ್ಲದಿದ್ದರೆ ಅವಳು ನಮಗೆ ಸಿಗುತ್ತಲೇ ಇರಲಿಲ್ಲವೇನೋ. ಆದರೆ ಅವಳ ಹತ್ತಿರದ ಪ್ರಾಸಗಳನ್ನು ಕಂಡು ಅವರಿಗೆ ಕಸಿವಿಸಿಯಾಗಿ, ಅಲ್ಲಲ್ಲಿ ಪದ ಬದಲಿಸಿ ಪೂರ್ಣಪ್ರಾಸ ಮಾಡಿದರು. ಅವಳು ಬರೆದದ್ದು ಬರೆದ ಹಾಗೆ ಓದುಗರಿಗೆ ಸಿಕ್ಕಿದ್ದು 1955ರಲ್ಲಿ, ಥಾಮಸ್ ಜಾನ್ಸನ್ ಹಸ್ತಪ್ರತಿಗಳನ್ನು ನೋಡಿ ಮೂರು ಸಂಪುಟ ತಂದಾಗ. ಅಷ್ಟೂ ವರ್ಷ ಜನ ಓದಿದ್ದು ಒಳ್ಳೆಯ ಮನಸ್ಸಿನವರು ಹಾಕಿದ ಪೆನ್ಸಿಲ್ ಸುತ್ತಿನ ಪದ್ಯಗಳನ್ನು.

ನನ್ನ ವಾದಕ್ಕೆ ಬಲವಾದ ಎದುರುವಾದ ಇದೆ. ಅದನ್ನು ಹೇಳಿದವರು ಸಣ್ಣವರಲ್ಲ. ‘ವೆಸ್ಟ್ ಸೈಡ್ ಸ್ಟೋರಿ’ಗೆ ಹಾಡು ಬರೆದ ಸ್ಟೀಫನ್ ಸಾಂಡ್‌ಹೈಮ್, 2010ರ ‘ಫಿನಿಷಿಂಗ್ ದ ಹ್ಯಾಟ್’ ಪುಸ್ತಕದಲ್ಲಿ, ರಂಗಭೂಮಿಯ ಹಾಡಿಗೆ ಪೂರ್ಣಪ್ರಾಸವೇ ಬೇಕು ಎಂದು ಪಟ್ಟು ಹಿಡಿದು ವಾದಿಸಿದ್ದಾರೆ. ನಾಟಕದ ಹಾಡನ್ನು ಪ್ರೇಕ್ಷಕ ಕೇಳುವುದು ಒಂದೇ ಸಲ. ಪುಟ ಹಿಂದಕ್ಕೆ ತಿರುವಿ ನೋಡಲು ಆಗುವುದಿಲ್ಲ. ಪ್ರಾಸ ಖಚಿತವಾಗಿದ್ದರೆ ಪದ ಕಿವಿಗೆ ಖಚಿತವಾಗಿ ಬೀಳುತ್ತದೆ, ಅಸ್ಪಷ್ಟವಾಗಿದ್ದರೆ ಅರ್ಥವೂ ಅಸ್ಪಷ್ಟವಾಗುತ್ತದೆ. ಇದು ಒಪ್ಪಬೇಕಾದ ಮಾತು. ನಾನು ಗಮನಿಸುವುದು ಆ ಮಾತಿನ ತಳಹದಿಯನ್ನು: ಅವರು ವಾದಿಸುವುದು ಕೇಳುವವನ ಕಿವಿಯ ಪರವಾಗಿ, ಕೋಶದ ಪರವಾಗಿ ಅಲ್ಲ. ಕೆಲಸದ ಶ್ರದ್ಧೆಯಿಂದ ಪೂರ್ಣಪ್ರಾಸಕ್ಕೆ ತಲುಪುವವರಿಗೂ, ಪಟ್ಟಿಯಲ್ಲಿ ಮೊದಲು ಕಂಡ ಬಾಲವನ್ನು ಅಂಟಿಸುವವರಿಗೂ ಬಹಳ ದೂರ.

ತಮಾಷೆಯ ಪದ್ಯದಲ್ಲೂ ಪೂರ್ಣಪ್ರಾಸದ ಖದರೇ ಬೇರೆ ಎನ್ನುತ್ತಾರೆ. ಅದಕ್ಕೆ ಕೊಡುವ ದೊಡ್ಡ ಉದಾಹರಣೆಗಳನ್ನೇ ನೋಡೋಣ. ಬೈರನ್ 1819ರಲ್ಲಿ ‘ಡಾನ್ ಜುವಾನ್’ನಲ್ಲಿ ‘ಇಂಟಲೆಕ್ಚುಯಲ್’ ಎಂಬ ಉದ್ದನೆಯ ಪದಕ್ಕೆ ಕಟ್ಟಿದ ಜೋಡಿ ‘ಹೆನ್‌ಪೆಕ್ಡ್ ಯು ಆಲ್’. 1879ರಲ್ಲಿ ಬಂದ ‘ದ ಪೈರೇಟ್ಸ್ ಆಫ್ ಪೆನ್ಜಾನ್ಸ್’ ಎಂಬ ಸಂಗೀತನಾಟಕದ ಮೇಜರ್ ಜನರಲ್ ಹಾಡಿನಲ್ಲಿ ಗಿಲ್ಬರ್ಟ್ ‘ಹೈಪಾಟೆನ್ಯೂಸ್’ ಎಂಬ ರೇಖಾಗಣಿತದ ಪದಕ್ಕೆ ‘ಲಾಟ್ ಓ ನ್ಯೂಸ್’ ಹೊಂದಿಸುತ್ತಾನೆ. ಎರಡನ್ನೂ ಜನ ಇವತ್ತಿಗೂ ಬಾಯಲ್ಲಿ ಇಟ್ಟುಕೊಂಡಿದ್ದಾರೆ. ಕೂದಲೆಳೆ ಹಿಡಿದರೆ ಬೈರನ್‌ನದು ಹತ್ತಿರದ ಪ್ರಾಸ, ಮತ್ತು ಎರಡೂ ಒಂದೇ ಪದದಲ್ಲಿ ಸಿಗದೆ ಎರಡು ಮೂರು ಪದ ಮುರಿದು ಕೂಡಿಸಿದವು. 2010ರಲ್ಲಿ ಅಮೆರಿಕದ ಟೀವಿ ಸಂದರ್ಶನವೊಂದರಲ್ಲಿ ರ‍್ಯಾಪ್ ಗಾಯಕ ಎಮಿನೆಮ್ ‘ಆರೆಂಜ್’ಗೆ ಪ್ರಾಸವಿಲ್ಲ ಎಂಬ ಮಾತಿಗೆ ಉತ್ತರವಾಗಿ, ಪದವನ್ನು ಎಳೆದು ಉಚ್ಚರಿಸಿ, ‘ಡೋರ್ ಹಿಂಜ್’, ‘ಸ್ಟೋರೇಜ್’, ‘ಪಾರಿಜ್’ ಎಂದು ಸರಸರನೆ ಪೋಣಿಸಿದ. ಬೈರನ್ ಮಾಡಿದ್ದೂ ಅದನ್ನೇ, ನಮ್ಮ ಹುಡುಗಿ ಮಾಡಿದ್ದೂ ಅದನ್ನೇ.

ಕೋಶದಲ್ಲಿ ಸಿಗದ ಇನ್ನೊಂದು ಸಂಗತಿ ಬಾಯಿ. ಪ್ರಾಸ ಇರುವುದು ಬಾಯಲ್ಲಿ, ಬಾಯಿಗೆ ಊರಿದೆ. ‘ಫಾದರ್’ ಮತ್ತು ‘ಫಾರ್ದರ್’ ಲಂಡನ್ನಿನಲ್ಲಿ ಒಂದೇ ದನಿ, ಸ್ಕಾಟ್ಲೆಂಡಿನಲ್ಲಿ ರಕಾರ ಉರುಳುವುದರಿಂದ ಬೇರೆ. ಇಂಗ್ಲಿಷರು ‘ವೆಜಿಟೇಬಲ್’ನ ಮೊದಲ ಅಕ್ಷರವನ್ನು ಒತ್ತಿ ಉಳಿದದ್ದನ್ನು ನುಂಗುತ್ತಾರೆ, ‘ಕಂಫರ್ಟೇಬಲ್’ನಲ್ಲೂ ಅಷ್ಟೇ. ಅವರಿಗೆ ಅವೆರಡೂ ‘ಟೇಬಲ್’ಗೆ ಪ್ರಾಸವಲ್ಲ. ನಮ್ಮ ಊರಿನ ಇಂಗ್ಲಿಷಿನಲ್ಲಿ ಅಕ್ಷರಗಳಿಗೆಲ್ಲ ಸಮನಾದ ತೂಕ, ನಾವು ‘ಟೇಬಲ್’ ಅನ್ನು ಎಲ್ಲೂ ನುಂಗುವುದಿಲ್ಲ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಶಾಲೆಯ ಮಕ್ಕಳು ‘ವೆಜಿಟೇಬಲ್–ಟೇಬಲ್–ಕಂಫರ್ಟೇಬಲ್’ ಎಂದು ಹಾಡು ಕಟ್ಟಿ, ಎದುರು ಕೂತ ತಾಯಿ ತಂದೆಯರಿಗೆ ಹಾಡಿದರೆ ಅಲ್ಲಿ ಪ್ರಾಸ ಕೂಡಿತು. ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಪರೀಕ್ಷೆಯಲ್ಲಿ ಇಂಗ್ಲಿಷರ ಉಚ್ಚಾರ ಕೇಳಿದರೆ ಅದನ್ನು ಕಲಿತು ಬರೆಯಲಿ, ಅದು ಬೇರೆ ವಿಷಯ.

ಮತ್ತೆ ಆ ಹಾಳೆಗೆ ಬರುತ್ತೇನೆ. ಹುಡುಗಿ ಅದರ ಹಿಂಬದಿಯಲ್ಲಿ ಮೊದಲು ಯಂತ್ರದಿಂದ ತೆಗೆದ ಪಟ್ಟಿಯನ್ನು ಬರೆದುಕೊಂಡಿದ್ದಳು. ಹನ್ನೊಂದು ಪದ. ಹತ್ತಕ್ಕೆ ಗೀಟು ಹೊಡೆದಿದ್ದಳು, ‘ಫೆಸಿಲಿಟಿ’ಗೆ ಮಾತ್ರ ಎರಡು ಸಲ ಗೀಟು.

“ಇದಕ್ಕೆ ಯಾಕೆ ಎರಡು?” ಎಂದೆ.

“ಮೊದ್ಲು ಅದನ್ನೇ ಹಾಕಿದ್ದೆ ಅತ್ತೆ. ಆಮೇಲೆ ಓದಿದ್ರೆ ನಾನು ಶಾಲೆಯ ಫೆಸಿಲಿಟಿ ಬಗ್ಗೆ ಬರ್ದ ಹಾಗಿತ್ತು. ನಾನು ಅದನ್ನ ಹೇಳೋಕೇ ಹೊರಟಿರ್ಲಿಲ್ಲ. ಬೀಗದ ಕೈ ವಿಷಯ ಹೇಳ್ಬೇಕಿತ್ತು.”

ಎರಡು ವರ್ಷ ಶಾಲೆಯ ಪುಸ್ತಕದ ಬೀರುವಿನ ಬೀಗದ ಕೈ ಅವಳ ಹತ್ತಿರ ಇತ್ತು. ಊಟದ ಬೆಲ್ಲು ಹೊಡೆದ ಮೇಲೆ ಬೀರು ತೆಗೆಯಬೇಕು, ಪುಸ್ತಕ ಕೊಟ್ಟು ಹೆಸರು ಬರೆದುಕೊಳ್ಳಬೇಕು, ಮೂರು ಗಂಟೆಗೆ ಮುಚ್ಚಬೇಕು. ಅಷ್ಟು ಹೊತ್ತು ಬೀಗದ ಕೈಯ ದಾರ ಅವಳ ಬೆರಳಿಗೆ ಸುತ್ತಿರುತ್ತಿತ್ತಂತೆ. ಜವಾಬ್ದಾರಿ ಎಂದರೆ ಅವಳಿಗೆ ಅದು. ಕೋಶದಲ್ಲಿ ಅದು ಯಾವ ಅಕ್ಷರದ ಕೆಳಗೂ ಇಲ್ಲ.

“ಪಾಸಿಬಿಲಿಟಿ ಹಾಕಿ ಒಂದು ಸಲ ಓದು, ನಿನ್ನದು ಹಾಕಿ ಒಂದು ಸಲ ಓದು, ಗಟ್ಟಿಯಾಗಿ,” ಎಂದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದಳು. ಅತ್ತಿಗೆ ಒಳಗೆ ನೆಲದ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಟೀಚರು ಹೇಳಿದ ಪದದೊಂದಿಗೆ ಓದಿದಾಗ ತಲೆಯೆತ್ತದೆ “ಚೆನ್ನಾಗಿದೆ ಪುಟ್ಟ” ಎಂದರು. ಎರಡನೆಯದನ್ನು ಓದಿ ಮುಗಿಸಿದಾಗ ಸೊಪ್ಪಿನ ಕಡ್ಡಿ ಕೈಯಲ್ಲೇ ನಿಂತಿತು.

“ಮೂರು ಗಂಟೆ ಆದ್ಮೇಲೆ ಆ ಬೀಗದ ಕೈ ಯಾರ ಹತ್ರ ಇರ್ತಿತ್ತೇ?” ಎಂದು ಕೇಳಿದರು.